ಪಾಠ ತಿದ್ದಬೇಕೇ? ಮೊದಲು ರಿಜೆಕ್ಷನ್ ಡಬ್ಬಿ ಕೆದಕಿ

ಐಟಿಐಯಲ್ಲಿ ಟರ್ನರ್ ಟ್ರೇಡ್ ಕಲಿಸುವ ನಾನು ಅದಕ್ಕೂ ಮೊದಲು ಆರು ವರ್ಷ ಪೀಣ್ಯದಲ್ಲಿ, ಲೋಹ ತಿರುಗಿಸಿ ಕೆತ್ತುವ ಲೇತ್ ಮುಂದೆ ನಿಂತವನು. ಹಾಗಿದ್ದೂ ‘ಕೈಗಾರಿಕೆಯವರನ್ನು ಸೇರಿಸಿಕೊಂಡು ಪಾಠ ತಿದ್ದಿ’ ಎಂಬ ಮಾತು ಮೇಲಿನಿಂದ ಬಂದಾಗ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ: ಸಭೆ ಕರೆದೆ. ಇಪ್ಪತ್ತೆರಡು ಕಾರ್ಖಾನೆಗೆ ಪತ್ರ ಹೋಯಿತು. ಬಂದವರು ಮೂವರು, ಅದರಲ್ಲಿ ಇಬ್ಬರು ಎಚ್‌ಆರ್‌ನವರು. ವಡೆ ತಿಂದು ಕಾಫಿ ಕುಡಿದು, ‘ಹುಡುಗರಿಗೆ ಆ್ಯಟಿಟ್ಯೂಡೇ ಇಲ್ಲ ಸರ್’ ಅಂದು ಹೊರಟರು. ಆ್ಯಟಿಟ್ಯೂಡನ್ನು ಲೇತಿನ ಯಾವ ಚಕ್‌ಗೆ ಕಚ್ಚಿಸಿ ತಿರುಗಿಸಲಿ?

ಅಲ್ಲಿಗೆ ಸಭೆಯ ಸಹವಾಸ ಬಿಟ್ಟೆ. ಈಗ ಮಾಡುವುದೇನು ಅಂತ ಬೇರೆ ಟ್ರೇಡಿನ ಮೇಷ್ಟ್ರುಗಳು ಕೇಳುತ್ತಿರುತ್ತಾರೆ, ಅವರಿಗಾಗಿ ಇದು.

ಮೊದಲನೆಯದು ಹೋಗುವ ಹೊತ್ತು. ತಿಂಗಳ 25 ದಾಟಿದ ಮೇಲೆ ಕಾಲಿಡಬೇಡಿ, ಡಿಸ್‌ಪ್ಯಾಚ್ ಗಡಿಬಿಡಿಯಲ್ಲಿ ನಿಮ್ಮ ಮುಖ ಯಾರೂ ನೋಡುವುದಿಲ್ಲ. ಆಯುಧಪೂಜೆಯ ವಾರವೂ ಬೇಡ, ಪುರಿ ಕೊಟ್ಟು ಕಳಿಸುತ್ತಾರೆ ಅಷ್ಟೇ. ಎರಡನೇ ವಾರದಲ್ಲಿ ಮಧ್ಯಾಹ್ನ ಒಂದೂವರೆಗೆ ಹೋಗಿ. ಎರಡಕ್ಕೆ ಶಿಫ್ಟ್ ಬದಲಾಗುವಾಗ ಎರಡೂ ಪಾಳಿಯ, ಮೆಷಿನ್ ಹೊಂದಿಸಿಕೊಡುವ ಸೆಟ್ಟರ್‌ಗಳು ಒಟ್ಟಿಗೆ ಸಿಗುತ್ತಾರೆ. ದೊಡ್ಡ ಕಂಪನಿಯಿಂದ ಶುರು ಮಾಡಬೇಡಿ. ಬಿಡದಿಯ ಟೊಯೊಟಾದವರು 2007ರಿಂದ ತಮ್ಮದೇ ತರಬೇತಿ ಶಾಲೆ ನಡೆಸುತ್ತಿದ್ದಾರೆ, ಅವರಿಗೆ ನಿಮ್ಮ ಹಂಗಿಲ್ಲ. ನಮ್ಮ ಹುಡುಗರು ಹೋಗಿ ಸೇರುವುದು ಹತ್ತು ಹನ್ನೆರಡು ಮೆಷಿನ್ ಇಟ್ಟುಕೊಂಡ ಜಾಬ್ ವರ್ಕ್ ಶೆಡ್ಡುಗಳಿಗೆ.

ಮಾಲೀಕರ ಹತ್ತಿರ ಐದು ನಿಮಿಷ ಸಾಕು, ಅಪ್ಪಣೆಗೆ. ‘ನಿಮಗೆ ಎಂಥ ಹುಡುಗರು ಬೇಕು’ ಅಂತ ಕೇಳಿದಿರೋ, ಮತ್ತೆ ಆ್ಯಟಿಟ್ಯೂಡ್ ಪುರಾಣ. ‘ಹೋದ ವಾರದ ರಿಜೆಕ್ಷನ್ ಡಬ್ಬಿ ಸ್ವಲ್ಪ ನೋಡಬಹುದಾ’ ಅನ್ನಿ. ಮುಖ ಸಿಂಡರಿಸುತ್ತಾರೆ, ಆದರೂ ತೋರಿಸುತ್ತಾರೆ. ಇನ್‌ಸ್ಪೆಕ್ಷನ್ ಟೇಬಲ್ಲಿನ ಪಕ್ಕ ಕೆಂಪು ಬಣ್ಣ ಬಳಿದು, ತಪ್ಪಿದ ಪೀಸುಗಳನ್ನು ಎಸೆಯಲು ಇಟ್ಟದ್ದು ಅದೇ. ನೆಲಕ್ಕೆ ಸುರಿದು, ಸೆಟ್ಟರ್ ಜೊತೆ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ಎತ್ತಿ ‘ಇದು ಯಾಕೆ ಹೋಯ್ತು’ ಅಂತ ಕೇಳುತ್ತಾ ಬರೆದುಕೊಳ್ಳಿ.

ನಾನು ಸುರಿದ ಮೊದಲ ಡಬ್ಬಿಯಲ್ಲಿ 31 ಪೀಸ್ ಇದ್ದವು. ಹನ್ನೊಂದರಲ್ಲಿ ಬಲಮುಖಕ್ಕೆ ಬರಬೇಕಾದ ಸ್ಲಾಟು ಎಡಮುಖದಲ್ಲಿ. ಅಳತೆ ನೂರಕ್ಕೆ ನೂರು ಸರಿ, ಜಾಗ ತಪ್ಪು. ಡ್ರಾಯಿಂಗ್ ತರಿಸಿ ನೋಡಿದರೆ ಅಮೆರಿಕದ ಗಿರಾಕಿಯದು. ಪೀಸಿನ ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಪದ್ಧತಿ ಎರಡು. ನಾವಿಲ್ಲಿ ಕಲಿಸುವುದು ಫಸ್ಟ್ ಆ್ಯಂಗಲ್: ಎಡದಿಂದ ಕಂಡ ನೋಟವನ್ನು ಬಲಕ್ಕೆ ಬರೆಯುತ್ತೇವೆ. ಅವರದು ಥರ್ಡ್ ಆ್ಯಂಗಲ್, ಎಡದ ನೋಟ ಎಡಕ್ಕೇ. ಯಾವುದು ಎಂದು ಹೇಳುವ, ತಲೆ ಕತ್ತರಿಸಿದ ಶಂಕುವಿನ ಸಣ್ಣ ಗುರುತು ಹಾಳೆಯ ಮೂಲೆಯಲ್ಲೇ ಇತ್ತು. ಹುಡುಗ ನೋಡಿರಲಿಲ್ಲ. ಅವನು ಎಲ್ಲಿ ಕಲಿತವನು ಅಂತ ವಿಚಾರಿಸಿದರೆ, ನನ್ನ ಹತ್ತಿರವೇ! ಸಿಲೆಬಸ್ಸಿನಲ್ಲಿ ಥರ್ಡ್ ಆ್ಯಂಗಲ್ ಇಲ್ಲದೇ ಏನಿಲ್ಲ, ನಾನೇ ಒಂದು ಪಿರಿಯಡ್ಡಿನಲ್ಲಿ ಮುಗಿಸಿ ಕೈತೊಳೆದುಕೊಂಡಿದ್ದೆ.

ಇನ್ನು ಆರು ಪೀಸು, ಟೂಲ್ ಎಷ್ಟು ಸರಿಯಬೇಕೆಂದು ಮೆಷಿನ್ನಿಗೆ ಕೊಡುವ ತಿದ್ದುಪಡಿ ಅಂಕಿ, ಅಂದರೆ ಆಫ್‌ಸೆಟ್ ತಪ್ಪಿದ್ದು. ಟೂಲ್ ಸವೆದು ವ್ಯಾಸ 0.04 ಮಿ.ಮೀ. ದಪ್ಪ ಬಂದಿದೆ, ಕಂಪ್ಯೂಟರ್ ನಡೆಸುವ ಸಿಎನ್‌ಸಿಯಲ್ಲಿ ಮೈನಸ್ 0.04 ಕೊಡಬೇಕು. ಪ್ಲಸ್ ಒತ್ತಿದರೆ 0.08 ದಪ್ಪ. ಅದು ಪುಣ್ಯ, ಇನ್ನೊಮ್ಮೆ ತಿರುಗಿಸಬಹುದು. ಗಾಬರಿಬಿದ್ದು ಮೈನಸ್ಸನ್ನು ಎರಡು ಸಲ ಜಾಸ್ತಿ ಒತ್ತಿದರೆ ಸಣ್ಣದಾಗಿ ನೇರ ಗುಜರಿಗೆ. ಇದನ್ನು ನಾವು ಬೋರ್ಡಿನ ಮೇಲೆ ಕಲಿಸುತ್ತೇವೆ. ಬೋರ್ಡಿನ ಮೇಲೆ ಯಾರಿಗೂ ಗಾಬರಿಯಾಗುವುದಿಲ್ಲ.

ಉಳಿದವು ಕಚ್ಚಾಲೋಹದ ದೋಷ, ಪೀಸು ಹಿಡಿಯುವ ಫಿಕ್ಚರ್ ಸವೆತ. ಅವನ್ನು ಬಿಟ್ಟುಬಿಡಿ. ಶೆಡ್ಡಿನ ಜಿಪುಣತನವನ್ನು ಹುಡುಗರ ತಲೆಗೆ ಕಟ್ಟಿ ಪಾಠ ಬದಲಿಸುವ ಮೇಷ್ಟ್ರುಗಳನ್ನೂ ಕಂಡಿದ್ದೇನೆ. ಒಂದೇ ಕಾರಣ ಮೂರು ಶೆಡ್ಡುಗಳಲ್ಲಿ ಸಿಕ್ಕರೆ ಮಾತ್ರ ಪಾಠಕ್ಕೆ ಕೈಹಾಕಿ.

‘ಸಿಲೆಬಸ್ ಡಿಜಿಟಿಯದು, ದೇಶಕ್ಕೆಲ್ಲ ಒಂದೇ, ನಾವೇನು ಮಾಡೋಕಾಗುತ್ತೆ’ ಅನ್ನುವವರಿದ್ದಾರೆ. ಡಿಜಿಟಿ ಅಂದರೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ. ಪಟ್ಟಿ ಅವರದು ನಿಜ, ಆದರೆ ವರ್ಷಕ್ಕೆ 840 ಗಂಟೆ ಪ್ರಾಕ್ಟಿಕಲ್ ಇದೆ. ಸ್ಟೆಪ್ ಟರ್ನಿಂಗ್ ಮಾಡಿಸಿ ಅಂದಿದ್ದಾರೆಯೇ ಹೊರತು ಯಾವ ಪೀಸಿನ ಮೇಲೆ ಅಂತ ಪಟ್ಟು ಹಿಡಿದು ಯಾರೂ ಕೂತಿಲ್ಲ. ನಾನು ಶೆಡ್ಡಿನ ಪೀಸನ್ನೇ ಜಾಬ್ ಮಾಡಿದೆ, ಡ್ರಾಯಿಂಗ್ ಥರ್ಡ್ ಆ್ಯಂಗಲ್ಲಿನಲ್ಲೇ, ಅಳತೆ ಇಂಚಿನಲ್ಲೇ. 25.4ರಿಂದ ಗುಣಿಸಿಕೊಳ್ಳಲಿ. ಆದರೆ ಜೋಕೆ: ಗಿರಾಕಿಯ ಡ್ರಾಯಿಂಗನ್ನು ಹಾಗೇ ತರಬಾರದು, ಮೊಬೈಲಿನಲ್ಲಿ ಫೋಟೊ ಹೊಡೆಯಲೇಬಾರದು. ಕಂಪನಿ ಹೆಸರಿರುವ ಟೈಟಲ್ ಬ್ಲಾಕ್ ತೆಗೆದು, ಎರಡು ಅಳತೆ ಬದಲಿಸಿ, ಮಾಲೀಕರಿಗೆ ತೋರಿಸಿ ಒಪ್ಪಿಸಿ.

ಜಾಬ್ ಮುಗಿದಾಗ ಅದೇ ಸೆಟ್ಟರನ್ನು ಕರೆಸಿ. ಅಂಕ ಕೊಡಿಸಬೇಡಿ, ಅಳತೆ ಮಿತಿಯೊಳಗಿದೆಯೋ ಇಲ್ಲವೋ ಅಷ್ಟನ್ನೇ ಹೇಳುವ ಗೋ–ನೋಗೋ ಗೇಜ್ ಕೊಟ್ಟು ‘ತಗೋತೀರಾ, ಡಬ್ಬಿಗೆ ಹಾಕ್ತೀರಾ’ ಅಷ್ಟೇ ಕೇಳಿ. ನನ್ನಿಂದ 80 ಅಂಕ ಪಡೆದ ಪೀಸನ್ನು ಆತ ಎರಡು ಸೆಕೆಂಡಿನಲ್ಲಿ ಡಬ್ಬಿಗೆ ಎಸೆದಾಗ ಹುಡುಗರಿಗಿಂತ ನನಗೆ ಹೆಚ್ಚು ಉರಿಯಿತು. ಬಂದರೆ ಸೆಟ್ಟರ್ ಅವರ ಅರ್ಧ ದಿನದ ಸಂಬಳ ಹೋಗುತ್ತದೆ, ಗೌರವಧನದ ಕಡತ ಮೊದಲೇ ಮಂಜೂರು ಮಾಡಿಸಿಟ್ಟುಕೊಳ್ಳಿ. ಹಾರ, ಶಾಲು ಬೇಡ.

2022ರ ಪಠ್ಯಕ್ರಮದಲ್ಲಿ ವರ್ಷಕ್ಕೆ 150 ಗಂಟೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ ಕಲಿಯಬೇಕು ಅಂತಿದೆ. ಎಂಟು ಗಂಟೆಯ ಲೆಕ್ಕದಲ್ಲಿ ಸುಮಾರು 19 ದಿನ. ನನ್ನ ಮೊದಲ ತಂಡ ಆ ದಿನಗಳನ್ನು ಪೂರ್ತಿ ಪ್ಯಾಕಿಂಗಿನಲ್ಲೇ ಕಳೆದು ಬಂತು, ರಟ್ಟಿನ ಡಬ್ಬಕ್ಕೆ ಟೇಪು ಅಂಟಿಸುವುದರಲ್ಲಿ ಪಳಗಿ. ಈಗ ಒಂದು ಪುಟ ಬರೆಸಿಕೊಳ್ಳುತ್ತೇನೆ: ಯಾವ ಮೆಷಿನ್, ಯಾವ ಸೆಟ್ಟರ್ ಜೊತೆ, ಎಷ್ಟನೇ ದಿನಕ್ಕೆ ಒಬ್ಬನೇ ಆಫ್‌ಸೆಟ್ ಕೊಡಬೇಕು. ಗುರುವಾರ ಗುರುವಾರ ನಾನು ಹೋಗಿ ನಿಲ್ಲುತ್ತೇನೆ.

ಅಪ್ರೆಂಟಿಸ್ ಮಾತು ಬಂದರೆ ಮಾಲೀಕರು ಕೇಳುವುದು ಒಂದೇ, ‘ಆಮೇಲೆ ಪರ್ಮನೆಂಟ್ ಮಾಡಲೇಬೇಕಾ ಮೇಷ್ಟ್ರೇ?’ 1961ರ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿದಾರನೇ ಹೊರತು ಕಾರ್ಮಿಕನಲ್ಲ, ಒಪ್ಪಂದದಲ್ಲಿ ಬರೆಯದ ಹೊರತು ಕೆಲಸ ಕೊಡುವ ಕಟ್ಟುಪಾಡಿಲ್ಲ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳು ಕಡ್ಡಾಯ. ನಾಲ್ಕರಿಂದ 29 ಜನರಿರುವ ಶೆಡ್ಡಿಗೆ ಅದು ಅವರಿಷ್ಟ. ಸ್ಟೈಪೆಂಡಿನ ಕಾಲುಭಾಗ, ತಿಂಗಳಿಗೆ 1,500 ರೂಪಾಯಿಯವರೆಗೆ, ಕೇಂದ್ರದ ಎನ್‌ಎಪಿಎಸ್ ಯೋಜನೆಯಲ್ಲಿ ಬರುತ್ತದೆ ಅಂದಾಗ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಕೊನೆಯದಾಗಿ, ರಿಜೆಕ್ಟ್ ಪೀಸುಗಳನ್ನು ಕ್ಲಾಸಿಗೆ ತರುವಾಗ ಗೇಟ್ ಪಾಸ್ ಬರೆಸಿಕೊಳ್ಳುವುದು ಮರೆಯಬೇಡಿ. ನಾನು ಮರೆತಿದ್ದೆ. ಎರಡು ಕೆ.ಜಿ. ಗುಜರಿ ತುಂಬಿದ ಊಟದ ಚೀಲ ಹಿಡಿದುಕೊಂಡು, ನನ್ನ ಹಳೇ ಶಿಷ್ಯನೊಬ್ಬ ಕೆಳಗೆ ಬಂದು ‘ಇವರು ನಮ್ಮ ಮೇಷ್ಟ್ರು’ ಅನ್ನುವವರೆಗೂ ಸೆಕ್ಯೂರಿಟಿಯವರ ಪಕ್ಕ ಮುಕ್ಕಾಲು ಗಂಟೆ ನಿಂತಿದ್ದೆ.