ತೇಗದ ಬಾಗಿಲಿನ ಗುಳಿ ಎಬ್ಬಿಸಿದ ನನ್ನ ಅನುಭವ

ಹಲಸು, ಬೇವಿಗೆ ಬಿದ್ದ ಗುಳಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಜಜ್ಜಿದ ನಾರು ನೀರು ಕುಡಿದು ಉಬ್ಬಿ ಏಳುತ್ತದೆ ಅನ್ನೋದು ನಮ್ಮ ಮರಗೆಲಸದವರಿಗೆ ಗೊತ್ತು. ತೇಗ ಎಣ್ಣೆ ಮರ, ನೀರು ಕುಡಿಯಲ್ಲ, ಪುಟ್ಟಿ ತುಂಬಿಬಿಡು ಅಂತ ಹೇಳದ ಮೇಸ್ತ್ರಿ ಇಲ್ಲ. ತೇಗವೂ ಏಳುತ್ತದೆ. ಬಸವನಗುಡಿಯ ಹಳೇ ಮನೆಯೊಂದರ ಮುಂಬಾಗಿಲಲ್ಲಿ ಎಬ್ಬಿಸಿ ತೋರಿಸಿದ್ದೇನೆ.

ಫ್ರಿಜ್ಜನ್ನು ಮನೆಯೊಳಗೆ ಸಾಗಿಸುವಾಗ ಮೂಲೆ ಬಡಿದು ಆದ ಗುಳಿಗಳು, ಆಳ ಸುಮಾರು 3 ಮಿ.ಮೀ. ಹಲಗೆ ಬದಲಿಸಿ ಪೂರ್ತಿ ಪಾಲಿಶ್ ಮಾಡಲು ಬೇರೆಯವರು 18 ಸಾವಿರದ ಹತ್ತಿರ ಕೇಳಿದ್ದರು. ನಾನು ತಗೊಂಡದ್ದು 4 ಸಾವಿರ, ಸಾಮಾನಿನ ಖರ್ಚು 300 ದಾಟಲಿಲ್ಲ.

ಮೊದಲು ಮನೆಯಲ್ಲಿದ್ದ ತೇಗದ ತುಂಡುಗಳನ್ನು ಸುತ್ತಿಗೆಯಿಂದ ಜಜ್ಜಿ ನೋಡಿದೆ. ಪಿಯು (ಪಾಲಿಯುರೆಥೇನ್) ಪಾಲಿಶ್ ಮೇಲೆ ಹಬೆ ಕೊಟ್ಟರೆ ನೀರು ಮೇಲೇ ನಿಂತಿತು. ಅರಗಿನ ಫ್ರೆಂಚ್ ಪಾಲಿಶ್ ಬೆಳ್ಳಗಾಯಿತು. ಪಾಲಿಶ್ ಕೆರೆದು ತಣ್ಣೀರು ಹಾಕಿದರೂ ಗುಳಿ ಅಲ್ಲಾಡಲಿಲ್ಲ. ತೆಳು ಹೊದಿಕೆಯ ಪ್ಲೈವುಡ್ ಮೇಲೂ ಮಾಡಿದೆ. ಅಂಟು ಬಿಟ್ಟು ಗುಳ್ಳೆ ಎದ್ದಿತು, ತುಂಡು ದಂಡ. ಪ್ಲೈ ತಂಟೆಗೆ ಹೋಗಲೇಬೇಡಿ.

ಗುಟ್ಟು ಇರೋದು ಎಣ್ಣೆ ತೆಗೆಯೋದರಲ್ಲಿ. ಗುಳಿಯ ಸುತ್ತ ನಾಲ್ಕು ಬೆರಳು ಅಗಲ ಪಾಲಿಶ್ ಬಿಡಿಸಿ, ಥಿನ್ನರ್ ಅದ್ದಿದ ಬಟ್ಟೆಗೆ ಹಳದಿ ಬರೋದು ನಿಲ್ಲುವ ತನಕ ಒರೆಸಿದೆ. ಥಿನ್ನರ್ ಪೂರ್ತಿ ಆರಿ ವಾಸನೆ ಹೋದ ಮೇಲಷ್ಟೇ ಬಿಸಿ ತೋರಿಸಬೇಕು, ಇಲ್ಲದಿದ್ದರೆ ಬೆಂಕಿ ಹತ್ತುತ್ತದೆ. ಗುಳಿಯ ತಳದಲ್ಲಿ ನಾರಿನ ಗುಂಟ ಸಣ್ಣ ಸೂಜಿಯಿಂದ ಚುಚ್ಚಿ, ಕುದಿಯುವ ನೀರಲ್ಲಿ ನೆನೆಸಿದ ಹತ್ತಿ ಇಟ್ಟು ಪ್ಲಾಸ್ಟಿಕ್ ಮುಚ್ಚಿ ಅರ್ಧ ದಿನ ಬಿಟ್ಟೆ. ಆ ನೀರಿಗೆ ನಾನು ಒಂದು ವಸ್ತು ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ. ಆಮೇಲೆ ಒದ್ದೆ ಕಾಟನ್ ಬಟ್ಟೆ, ಬಿಸಿ ಇಸ್ತ್ರಿ, ಒಮ್ಮೆಗೆ ಹತ್ತು ಸೆಕೆಂಡು. ಬಟ್ಟೆ ಒಣಗುವ ಮುಂಚೆ ಎತ್ತಬೇಕು. ಇಸ್ತ್ರಿ ತಳ ತುಕ್ಕು ಹಿಡಿದಿದ್ದರೆ ಮರಕ್ಕೆ ಕಪ್ಪು ಕಲೆ ಕೂರುತ್ತದೆ, ಅದನ್ನು ತೆಗೆಯಲು ಆಕ್ಸಾಲಿಕ್ ಆಸಿಡ್ ಹುಡುಕಬೇಕಾಗುತ್ತದೆ. ಬಾಗಿಲಿನ ಬೀಡಿಂಗ್ (ಅಂಚಿನ ಪಟ್ಟಿ) ಸಂದಿಗೆ ಇಸ್ತ್ರಿ ಹೋಗಲ್ಲ; ಅಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನನ್ನು ಒದ್ದೆ ಬಟ್ಟೆ ಮೇಲೆ ಒತ್ತಿದೆ, ಚೆನ್ನಾಗಿ ಬಂತು.

ಮೊದಲ ದಿನ ಅರ್ಧ ಎದ್ದಿತು. ಮೂರನೇ ಸಲ ಮಾಡಿದ ಮೇಲೆ ಕೈಗೆ ಗುಳಿ ಸಿಗಲಿಲ್ಲ. ಆದರೂ ಸ್ಯಾಂಡ್ ಪೇಪರ್ ಹಾಕದೆ ಎರಡು ದಿನ ಒಣಗಲು ಬಿಟ್ಟೆ. ಉಬ್ಬಿದಾಗಲೇ ತಿಕ್ಕಿದರೆ ಒಣಗಿದ ಮೇಲೆ ಅದೇ ಜಾಗ ತಗ್ಗಾಗುತ್ತದೆ. ನಂತರ 240, 320 ನಂಬರ್ ಸ್ಯಾಂಡ್ ಪೇಪರ್, ಮೇಲೆ ಪಾಲಿಶ್. ನಾರು ತುಂಡಾದ ಒಂದು ಅಂಚು ಮಾತ್ರ ಏಳಲಿಲ್ಲ, ಅಲ್ಲಿ ಅರಗಿನ ಕಡ್ಡಿ ಕರಗಿಸಿ ತುಂಬಿದೆ. ಪುಟ್ಟಿ ಅಂದಿದ್ದ ಮೇಸ್ತ್ರಿಯೊಬ್ಬರು ಬಂದು ಬೆರಳಾಡಿಸಿದರು. ಗುಳಿ ಎಲ್ಲಿತ್ತು ಅಂತ ನಾನೇ ತೋರಿಸಬೇಕಾಯಿತು.

ಈಗ ಬೀಟೆ ಮೇಲೆ ಕೈ ಹಾಕಿದ್ದೇನೆ. ಸ್ಪಿರಿಟ್ ತಾಗಿದರೆ ಬಣ್ಣ ಬಿಡುತ್ತದೆ, ಗುಳಿ ಇನ್ನೂ ಅರ್ಧಕ್ಕೇ ನಿಂತಿದೆ.