ಮಡಚು ಚಾಕು ಕೊಳ್ಳುವಾಗ ಊರಿನ ಹೆಸರು ಕೊನೆಗೆ ಓದಿ

ಹಳೆ ಮಾದರಿಯ ಮಡಚು ಚಾಕು ಕೈಗೆ ಸಿಕ್ಕ ಕೂಡಲೇ ಹೆಚ್ಚಿನವರು ಅಲಗಿನ ಬುಡ ನೋಡುತ್ತಾರೆ. ಅಲ್ಲಿ ಒತ್ತಿರುವ ದೇಶದ ಹೆಸರು ಓದಿ ಒಂದೋ ಮುಖ ಅರಳಿಸುತ್ತಾರೆ, ಇಲ್ಲವೇ ಮೂಗು ಮುರಿಯುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಒಮ್ಮೆ ಹೆಸರಾಂತ ಊರಿನ ಮುದ್ರೆ ನೋಡಿ ಹಿಂದೆಮುಂದೆ ಯೋಚಿಸದೆ ಒಂದು ಚಾಕು ಕೊಂಡೆ. ಮನೆಗೆ ತಂದು ತೆರೆದರೆ ಅಲಗು ಸಡಿಲಾದ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಅಂದಿನಿಂದ ಮೊದಲು ಚಾಕು ನೋಡುತ್ತೇನೆ, ಊರು ಆಮೇಲೆ.

ಇಲ್ಲಿ ಹೇಳುತ್ತಿರುವುದು ತೆರೆದ ಅಲಗನ್ನು ಹಿಡಿದಿಡುವ ಬೀಗವಿಲ್ಲದ ಚಾಕುಗಳ ಬಗ್ಗೆ. ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿ ಸ್ಪ್ರಿಂಗ್ ಆಗಿ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ಅಲಗು ತೆರೆದೇ ನಿಲ್ಲುವುದೂ ಮುಚ್ಚಿಯೇ ಇರುವುದೂ ಆ ಒತ್ತಡದಿಂದ. ಮಾಡಿದವನ ಕೈ ಎಷ್ಟು ಪಳಗಿದೆ ಅನ್ನುವುದು ಮುಕ್ಕಾಲು ಪಾಲು ಈ ಪಟ್ಟಿಯಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 1: ಬೆಳಕಿಗೆ ಹಿಡಿಯಿರಿ

ಚಾಕುವಿನ ಬೆನ್ನನ್ನು ದೀಪದ ಕಡೆ ಹಿಡಿದು ನೋಡಿ. ಸ್ಪ್ರಿಂಗ್ ಪಟ್ಟಿಗೂ ಅದರ ಎರಡು ಬದಿಯ ಹಿತ್ತಾಳೆ ತಗಡಿಗೂ ನಡುವೆ ಬೆಳಕು ತೂರಿ ಬಂದರೆ ಜೋಡಣೆ ಬಿಗಿಯಾಗಿಲ್ಲ ಎಂದರ್ಥ. ಕೂದಲೆಳೆಯಷ್ಟು ಸಂದಿದ್ದರೆ ಕೊಯ್ಯುವ ಕೆಲಸಕ್ಕೇನೂ ತೊಂದರೆಯಿಲ್ಲ. ಆದರೆ ಕಸ, ತೇವ ಹೋಗಿ ಕೂರುವ ಜಾಗ ಅದೇ. ಆಮೇಲೆ ಬೆನ್ನಿನ ಮೇಲೆ ಬೆರಳಾಡಿಸಿ. ಅಲಗು ತೆರೆದಾಗ, ಅರ್ಧ ಮಡಚಿದಾಗ, ಪೂರ್ತಿ ಮುಚ್ಚಿದಾಗ, ಮೂರು ಸಲವೂ ಪಟ್ಟಿ ಹಿಡಿಯ ಮಟ್ಟಕ್ಕೆ ಸರಿಯಾಗಿ ಕೂತಿದ್ದರೆ ಯಾರೋ ತಾಳ್ಮೆಯಿಂದ ಅರ ಹಾಕಿದ್ದಾರೆ ಎಂದು ತಿಳಿಯಿರಿ. ಇದು ಸುಲಭದ ಕೆಲಸವಲ್ಲ.

ಹೆಜ್ಜೆ 2: ತೆರೆಯಿರಿ, ಮುಚ್ಚಿ, ಕಿವಿಗೊಡಿ

ಉಗುರು ಸಿಕ್ಕಿಸುವ ಗೀರಿನಿಂದ ಅಲಗನ್ನು ಮೆಲ್ಲಗೆ ಎಳೆಯಿರಿ. ಕೊನೆಯ ಸ್ವಲ್ಪ ದೂರವನ್ನು ಸ್ಪ್ರಿಂಗ್ ತಾನೇ ಎಳೆದುಕೊಂಡು ‘ಟಕ್’ ಅನ್ನಬೇಕು. ಮುಚ್ಚುವಾಗಲೂ ಹಾಗೆಯೇ. ಕೆಲವು ಚಾಕುಗಳಲ್ಲಿ ಅಲಗು ನಡುವೆ 90 ಡಿಗ್ರಿಯಲ್ಲಿ ಒಮ್ಮೆ ನಿಲ್ಲುತ್ತದೆ. ಅದು ಬೇಕೆಂದೇ ಮಾಡಿದ್ದು, ದೋಷವೇನಲ್ಲ. ಇನ್ನು ಉಗುರು ಕಿತ್ತು ಬರುವಷ್ಟು ಬಿಗಿಯಾದ ಸ್ಪ್ರಿಂಗನ್ನು ಹೊಗಳುವವರೂ ಇದ್ದಾರೆ. ದಿನಾ ಬಳಸುವ ಚಾಕು ಅಷ್ಟು ಗಡುಸಾಗಿದ್ದರೆ ಸುಮ್ನೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಅಲ್ವಾ?

ಹೆಜ್ಜೆ 3: ಅಲ್ಲಾಡಿಸಿ

ತೆರೆದ ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಒತ್ತಿ ನೋಡಿ. ಬದಿಗೆ ತುಸು ಆಡಿದರೆ ಕ್ಷಮಿಸಬಹುದು. ಮೇಲೆ ಕೆಳಗೆ ಆಡುವುದನ್ನು ಮಾತ್ರ ಯಾವ ದೇಶದ್ದಾದರೂ ಕೊಳ್ಳಬೇಡಿ.

ಹೆಜ್ಜೆ 4: ಮುಚ್ಚಿದ ಮೇಲೆ ಇಣುಕಿ

ಮೊನೆ ಹಿಡಿಯೊಳಗೆ ಪೂರ್ತಿ ಅಡಗಿರಬೇಕು. ಹೊರಗೆ ಇಣುಕಿದರೆ ಜೇಬು ಹರಿಯುತ್ತದೆ, ಬೆರಳೂ ಕೊಯ್ಯುತ್ತದೆ. ಇನ್ನೊಂದು ವಿಷಯ ಜಾಸ್ತಿ ಜನರಿಗೆ ಹೊಳೆಯುವುದಿಲ್ಲ. ಮುಚ್ಚಿದಾಗ ಅಲಗಿನ ಹರಿತವಾದ ಅಂಚು ಒಳಗಿನ ಸ್ಪ್ರಿಂಗಿಗೆ ತಾಗಬಾರದು. ತಾಗಿದರೆ ಪ್ರತಿ ಸಲ ಮುಚ್ಚಿದಾಗಲೂ ಅದೇ ಜಾಗದಲ್ಲಿ ಅಂಚು ಮೊಂಡಾಗುತ್ತದೆ. ಕಾಗದದ ಸಣ್ಣ ಪಟ್ಟಿಯೊಂದನ್ನು ಒಳಗಿಟ್ಟು ನಿಧಾನವಾಗಿ ಮುಚ್ಚಿ. ಕಾಗದ ಕೊಯ್ದು ಬಂದರೆ ಅಂಚು ತಾಗುತ್ತಿದೆ ಎಂದು ಗೊತ್ತಾಗುತ್ತದೆ.

ಹೆಜ್ಜೆ 5: ಉಕ್ಕಿನ ಹೆಸರಿಗಿಂತ ಹದ ನೋಡಿ

ಇಲ್ಲಿ ಸ್ವಲ್ಪ ನಿಲ್ಲೋಣ. 1095 ಅನ್ನುವ ಉಕ್ಕಿನಲ್ಲಿ ಇಂಗಾಲ ಶೇ 0.95ರಷ್ಟು ಇರುತ್ತದೆ. ಬೇಗ ಸಾಣೆ ಹಿಡಿಯುತ್ತದೆ, ಚೆನ್ನಾಗಿ ಕೊಯ್ಯುತ್ತದೆ, ಒರೆಸದೆ ಇಟ್ಟರೆ ತುಕ್ಕೂ ಹಿಡಿಯುತ್ತದೆ. 440ಎ ಅನ್ನುವ ಇನ್ನೊಂದು ಉಕ್ಕು ಸ್ಟೇನ್‌ಲೆಸ್ ಆದ್ದರಿಂದ ಆ ಚಿಂತೆ ಕಡಿಮೆ. ಆದರೆ ಒಂದೇ ಉಕ್ಕನ್ನು ಎರಡು ಕಾರ್ಖಾನೆಗಳು ಹದಕ್ಕೆ ತರಲು ಕಾಯಿಸಿ ತಣಿಸಿದರೆ ಎರಡು ಬೇರೆ ಚಾಕುಗಳೇ ಆಗುತ್ತವೆ. ಸ್ವಿಟ್ಜರ್ಲೆಂಡಿನ ವಿಕ್ಟರಿನಾಕ್ಸ್ ತನ್ನ ಅಲಗುಗಳನ್ನು ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಸುಮಾರು 56ಕ್ಕೆ ನಿಲ್ಲಿಸುತ್ತದೆ. ಅದು ಬಹಳ ಗಟ್ಟಿಯೇನಲ್ಲ. ಆದರೆ ಒಂದು ಚಾಕುವಿನ ಹಾಗೇ ಇನ್ನೊಂದೂ ಇರುತ್ತದೆ. ನನ್ನ ಪ್ರಕಾರ ಗುಣಮಟ್ಟ ಅಂದರೆ ಅದೇ.

ಹದ ಪರೀಕ್ಷಿಸಲು ರಟ್ಟು ಕೊಯ್ಯಿರಿ. ಆಮೇಲೆ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ಮಡಚಿಕೊಂಡಿದ್ದರೆ ಹದ ಮೆತ್ತಗಿದೆ, ಚೂರು ಚೂರು ಉದುರಿದ್ದರೆ ಹದ ಮೀರಿದೆ. ಕಾರ್ಖಾನೆಯಿಂದ ಬಂದ ಮೊದಲ ಅಂಚು ನೋಡಿಯೇ ತೀರ್ಮಾನ ಮಾಡಬೇಡಿ. ಯಂತ್ರದಲ್ಲಿ ಉಜ್ಜುವಾಗ ತೆಳ್ಳನೆಯ ಅಂಚು ಕಾದು ಹದ ಕಳೆದುಕೊಂಡಿರಬಹುದು. ಎರಡು ಮೂರು ಸಲ ಸಾಣೆ ಹಿಡಿದ ಮೇಲೆ ಒಳಗಿನ ನಿಜವಾದ ಉಕ್ಕು ಹೊರಬರುತ್ತದೆ.

ಹೆಜ್ಜೆ 6: ಈಗ ಮುದ್ರೆ ಓದಿ

ದೇಶದ ಹೆಸರಿಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿದಿರಬೇಕು ಅಷ್ಟೆ. ಒಂದು ತಮಾಷೆ ಕೇಳಿ. ‘ಮೇಡ್ ಇನ್ ಜರ್ಮನಿ’ ಅನ್ನುವುದು ಶುರುವಾಗಿದ್ದೇ ಎಚ್ಚರಿಕೆಯ ಮಾತಾಗಿ. ಜರ್ಮನಿಯ ಅಗ್ಗದ ಚಾಕು ಕತ್ತರಿಗಳು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆಸರು ಹೊತ್ತು ಮಾರಾಟವಾಗುತ್ತಿದ್ದವು. ಆ ಕಾಟಕ್ಕೆ ಬ್ರಿಟನ್ 1887ರಲ್ಲಿ, ತನ್ನಲ್ಲೇ ಮಾಡಿದ್ದೆಂದು ಅನ್ನಿಸುವಂಥ ಹೆಸರು ಹೊತ್ತ ಹೊರದೇಶದ ಸರಕಿನ ಮೇಲೆ ಮೂಲ ದೇಶದ ಹೆಸರು ಇರಲೇಬೇಕೆಂದು ಕಾನೂನು ತಂದಿತು. ಕೆಲವೇ ದಶಕಗಳಲ್ಲಿ ಆ ಕಳಂಕವೇ ಹೆಮ್ಮೆಯ ಮುದ್ರೆಯಾಯಿತು. ಇಂದು ಚೀನಾದ ಹೆಸರು ನೋಡಿ ಮೂಗು ಮುರಿಯುವವರು ಇದನ್ನು ನೆನೆಯಬಹುದು. ಅಲ್ಲಿಂದ ಬರುವ ರಫ್ ರೈಡರ್ ಚಾಕುಗಳು ಅಗ್ಗವಾದರೂ ಸ್ಪ್ರಿಂಗ್ ಮತ್ತು ಜೋಡಣೆಯಲ್ಲಿ ಎಷ್ಟೋ ಸಲ ದುಬಾರಿ ಚಾಕುಗಳನ್ನು ನಾಚಿಸುತ್ತವೆ.

ಮುದ್ರೆಗಳಲ್ಲೂ ಭೇದವಿದೆ. ಜರ್ಮನಿಯ ಸೋಲಿಂಗೆನ್ ಹೆಸರಿಗೆ 1938ರಿಂದ ಕಾನೂನಿನ ರಕ್ಷಣೆಯಿದೆ. ತಯಾರಿಕೆಯ ಮುಖ್ಯ ಹಂತಗಳೆಲ್ಲ ಆ ಊರಿನ ಕೈಗಾರಿಕಾ ಪ್ರದೇಶದಲ್ಲೇ ನಡೆದಿರಬೇಕು. ಫ್ರಾನ್ಸಿನ ಲಗ್ಯೋಲ್ ಚಾಕುವಿನ ಕತೆ ಬೇರೆ. ಅದೊಂದು ಊರಿನ ಹೆಸರಾದರೂ ಬಹುಕಾಲ ಅದಕ್ಕೆ ಅಂಥ ರಕ್ಷಣೆ ಇರಲಿಲ್ಲ. ಹಾಗಾಗಿ ಚೀನಾ, ಪಾಕಿಸ್ತಾನದಲ್ಲಿ ಮಾಡಿದ ಚಾಕುಗಳ ಮೇಲೂ ಆ ಹೆಸರು ಕಾಣುತ್ತದೆ. ಕಂಪನಿಯ ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಮೆರಿಕದ ಇಂಪೀರಿಯಲ್ ಶ್ರೇಡ್ 2004ರಲ್ಲಿ ಬಾಗಿಲು ಮುಚ್ಚಿತು. ಹೆಸರು ಬೇರೆಯವರ ಪಾಲಾಗಿ ಚಾಕುಗಳು ಚೀನಾದಿಂದ ಬರತೊಡಗಿದವು. ಹೆಸರು ಅದೇ, ಕೈ ಬೇರೆ.

ಹೆಜ್ಜೆ 7: ಎರಡು ಲೆಕ್ಕ ಬೇರೆ ಬೇರೆ ಬರೆಯಿರಿ

ಒಂದು ಕಾಗದದ ನಡುವೆ ಗೆರೆ ಎಳೆಯಿರಿ. ಎಡಗಡೆ ಮೊದಲ ಐದು ಹೆಜ್ಜೆಗಳಲ್ಲಿ ಕಂಡಿದ್ದು. ಬಲಗಡೆ ದೇಶ ನೋಡಿ ನಿಮಗನ್ನಿಸಿದ್ದು: ಹಳೆಯ ಕಸುಬು ಉಳಿಯಲಿ ಎಂಬ ಆಸೆ, ಕೆಲಸಗಾರರಿಗೆ ಸರಿಯಾದ ಕೂಲಿ ಸಿಗಲಿ ಎಂಬ ಕಾಳಜಿ, ಮುಂದೆ ಮಾರುವಾಗ ಸಿಗುವ ಬೆಲೆ, ಕೆಟ್ಟರೆ ರಿಪೇರಿ ಮಾಡಿಕೊಡುವವರು ಇದ್ದಾರೆಯೇ ಅನ್ನುವುದು. ಇವೆಲ್ಲ ಹಣ ಕೊಡಲು ಒಪ್ಪುವ ಕಾರಣಗಳೇ. ಆದರೆ ಬಲಗಡೆಯ ಒಂದು ಸಾಲೂ ಅಲಗಿನ ಅಲುಗಾಟವನ್ನು ನಿಲ್ಲಿಸುವುದಿಲ್ಲ. ಎಡಗಡೆ ಎರಡು ಚಾಕುಗಳು ಸರಿಸಮವಾಗಿದ್ದರೆ ನಾನು ಬಲಗಡೆ ನೋಡುತ್ತೇನೆ, ಅಲ್ಲಿಯವರೆಗೆ ಇಲ್ಲ.

ಚಾಕುವನ್ನು ಕೈಯಲ್ಲಿ ಹಿಡಿಯದೆ ದೂರದಿಂದ ತರಿಸುತ್ತಿದ್ದರೆ ಮಾರುವವರ ಹತ್ತಿರ ಮೂರು ಚಿತ್ರ ಕೇಳಿ: ಬೆಳಕಿಗೆ ಹಿಡಿದ ಬೆನ್ನು, ಮುಚ್ಚಿದಾಗ ಮೇಲಿನಿಂದ ಕಾಣುವ ಅಲಗು, ಅಲಗಿನ ಬುಡದ ಮುದ್ರೆ. ಮೂರನೆಯದನ್ನು ಮಾತ್ರ ಕಳಿಸಿದರೆ ಬೇರೆ ಚಾಕು ಹುಡುಕಿ.