ಹಳ್ಳ, ಬಿಸಿಲು, ಬಚ್ಚಲು: ನಮ್ಮನೆ ಕರೆಂಟಿನ ಲೆಕ್ಕ

ಹಳ್ಳ ತುಂಬಿ ಹರಿಯುವಾಗ ಬಿಸಿಲಿಲ್ಲ, ಬಿಸಿಲು ಸುಡುವಾಗ ಹಳ್ಳವಿಲ್ಲ. ಹೊಸನಗರ ಸೀಮೆಯಲ್ಲಿ ತೋಟ ಇಟ್ಟುಕೊಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಳ್ಳದ ಟರ್ಬೈನು, ಮಾಡಿನ ಸೋಲಾರು ಎರಡನ್ನೂ ಜೋಡಿಸಿ, ಬ್ಯಾಟರಿಗೆ ದುಡ್ಡು ಸುರಿಯದೆ ಮನೆ ಕರೆಂಟು ವರ್ಷವಿಡೀ ನಡೆಸಬಹುದು ಅಂದಾಗ ನಮ್ಮ ಬಾವ, "ಮಾರಾಯ, ಅದರ ಬದಲು ಒಂದು ಜನರೇಟರ್ ತಗೊ" ಅಂದಿದ್ದರು. ಈಗ ಕಳೆದ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕರೆಂಟು ವಾರಗಟ್ಟಲೆ ಇಲ್ಲದಾಗಲೂ ನಮ್ಮಲ್ಲಿ ಮಿಕ್ಸಿ, ಫ್ರಿಜ್ಜು ಎಲ್ಲಾ ಓಡಿದವು.

ಹಳ್ಳದಿಂದ ಪೈಪಿನಲ್ಲಿ ಟರ್ಬೈನಿಗೆ ಸುಮಾರು 40 ಮೀಟರ್ ಎತ್ತರದ ಬೀಳು, ಸೆಕೆಂಡಿಗೆ ಐದು ಲೀಟರ್ ನೀರು. ಕೈಗೆ ಸಿಗುವುದು ಹತ್ತಿರ ಹತ್ತಿರ ಒಂದು ಕಿಲೋವ್ಯಾಟ್. ಹಗಲೂ ರಾತ್ರಿ ಬರುವುದರಿಂದ ದಿನಕ್ಕೆ ಇಪ್ಪತ್ತು ಯೂನಿಟ್ ದಾಟುತ್ತದೆ. ಮಾಡಿನ ಮೇಲಿನ ಮೂರು ಕಿಲೋವ್ಯಾಟ್ ಸೋಲಾರ್ ಫೆಬ್ರವರಿಯಲ್ಲಿ ಹನ್ನೆರಡು ಯೂನಿಟ್ ಕೊಟ್ಟರೆ, ಜುಲೈನಲ್ಲಿ ಮೂರ್ನಾಲ್ಕು ಬಂದರೆ ಪುಣ್ಯ. ಖರ್ಚು ಒಟ್ಟು ನಾಲ್ಕು ಲಕ್ಷದ ಆಸುಪಾಸು. ಅದರಲ್ಲಿ ಪೈಪೇ 90 ಸಾವಿರ ನುಂಗಿತು.

ಮೊದಲು ಎಲ್ಲರಂತೆ ಟ್ಯೂಬುಲರ್ ಬ್ಯಾಟರಿ ಸಾಲು ಇಟ್ಟಿದ್ದೆ. 60 ಸಾವಿರದ ಬ್ಯಾಟರಿ ಎರಡು ವರ್ಷಕ್ಕೆ ಸತ್ತಿತು, ಗುಜರಿಯವ ಕೊಟ್ಟಿದ್ದು ಹದಿನೈದೋ ಹದಿನಾರೋ ಸಾವಿರ. ಆಮೇಲೆ ಲೆಕ್ಕ ತಿರುಗಿಸಿದೆ: ಕರೆಂಟು ಕೂಡಿಡುವುದಲ್ಲ, ಬಂದ ಹೊತ್ತಿಗೆ ಕೆಲಸ ಎದುರು ಇಡುವುದು. ಈಗಿರುವುದು ಚಿಕ್ಕ ಲಿಥಿಯಂ ಬ್ಯಾಟರಿ, ದೀಪ ಫ್ರಿಜ್ಜಿಗೆ ಮಾತ್ರ. ಮನೆ ತುಂಬಿದ ಮೇಲೆ ಮಿಕ್ಕಿದ್ದು ಹಗಲಾದರೆ ತೋಟದ ಪಂಪಿಗೆ, ರಾತ್ರಿಯಾದರೆ ಬಚ್ಚಲಿಗೆ. ಬಳಕೆ ತಗ್ಗಿದರೆ ಟರ್ಬೈನ್ ಓಟ ಕೀಳುತ್ತದಲ್ಲ, ಕರೆಂಟಿನ ಆವರ್ತನ ಮಾಮೂಲಿ 50 ಹರ್ಟ್ಸ್ ದಾಟುವ ಮೊದಲೇ ಕಂಟ್ರೋಲರ್ ಆ ಹೆಚ್ಚುವರಿಯನ್ನು ಬಚ್ಚಲಿನ ಹೀಟರಿಗೆ ತಳ್ಳುತ್ತದೆ. 200 ಲೀಟರಿನ ಸ್ಟೀಲ್ ಡ್ರಮ್ಮು, ಸುತ್ತ ಭತ್ತದ ಹೊಟ್ಟು ತುಂಬಿದ್ದೇನೆ. ಎಂಟು ಯೂನಿಟ್ ಹೋದರೆ ಬೆಳಿಗ್ಗೆ ಆರಕ್ಕೆ ಮನೆಮಂದಿಯ ಸ್ನಾನಕ್ಕೆಲ್ಲ ನೀರು ಸಿದ್ಧ. ಮಳೆಗಾಲಕ್ಕೆ ಕೂಡಿಡುವ ಸೌದೆ ಅರ್ಧಕ್ಕೆ ಇಳಿದಿದೆ. ಯಾವ ರಿಲೇ (ತಾನಾಗಿ ಆನ್-ಆಫ್ ಆಗುವ ಸ್ವಿಚ್ಚು) ಯಾವ ವೋಲ್ಟಿಗೆ ಬಿಡುತ್ತದೆ, ಎಷ್ಟು ಸೆಕೆಂಡ್ ತಡೆಯುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ತುಂಬಾ ತಲೆಕೆಡಿಸಿಕೊಂಡು ಕುದುರಿಸಿದ್ದು.

ಟರ್ಬೈನಿನ ದೊಡ್ಡ ಕಾಟ ದರಕು, ಅಂದರೆ ಒಣ ಎಲೆ, ಮತ್ತೆ ನೀರಲ್ಲಿ ತೇಲಿಬರುವ ಇತರ ಕಸ. ಒಂದು ರಾತ್ರಿ ದೀಪ ಮಂಕಾಗುತ್ತಾ ಬಂತು. ಟಾರ್ಚ್ ಹಿಡಿದು, ಉಂಬಳ ಕೊಡವುತ್ತಾ ಹೋಗಿ, ಟರ್ಬೈನಿಗೆ ನೀರು ಚಿಮ್ಮಿಸುವ ನಾಜಲ್ ಬಿಚ್ಚಿದರೆ ಒಳಗೆ ಹೆಬ್ಬೆರಳಷ್ಟು ಏಡಿ, ಕೊಂಬು ಹೊರಗೆ ಚಾಚಿ ಕೂತಿತ್ತು. ನೀರು ಅದರ ಪಕ್ಕದಿಂದ ಸೀಳಿಕೊಂಡು ಟರ್ಬೈನ್ ಚಕ್ರದ ಬಟ್ಟಲು (ಬಕೆಟ್) ಬಿಟ್ಟು ಗೋಡೆಗೆ ಹೊಡೆಯುತ್ತಿತ್ತು. ಜರಡಿಯನ್ನು ಅಡ್ಡ ಹಾಕುವ ಬದಲು ಓರೆಯಾಗಿ ಕೂರಿಸಿದ ಮೇಲೆ ಕಸ ತಾನೇ ಜಾರಿ ಹೋಗುತ್ತದೆ.

ನಿಜವಾದ ಲಾಭ ಅಡಿಕೆ ಕೊಯ್ಲಿನಲ್ಲಿ. ನವೆಂಬರಿನಲ್ಲಿ ಹಳ್ಳದಲ್ಲಿ ಇನ್ನೂ ಮುಕ್ಕಾಲು ನೀರಿರುತ್ತದೆ, ಬಿಸಿಲೂ ಬಂದಿರುತ್ತದೆ. ಸುಲಿಯುವ ಯಂತ್ರ ಹಗಲು ಸೋಲಾರಿಗೆ. ಬೇಯಿಸಿದ ಅಡಿಕೆ ಚಪ್ಪರಕ್ಕೆ ಹಾಕಿದ ದಿನವೇ ಮೋಡ ಕಟ್ಟಿತೋ, ಡ್ರೈಯರಿಗೆ ತುಂಬುತ್ತೇನೆ. ಬಿಸಿ ಸೌದೆಯದು, ಅರ್ಧ ಎಚ್‌ಪಿ ಫ್ಯಾನು ರಾತ್ರಿಯಿಡೀ ಹಳ್ಳದ್ದು. ಒಂದು ವರ್ಷ ಊರಲ್ಲಿ ಅಡಿಕೆ ಬೂಸ್ಟು ಹಿಡಿದಾಗ ನನ್ನ ರಾಶಿ ಇಡಿಗೆ (ಬೇಯಿಸಿ ಒಣಗಿಸಿದ ಕೆಂಪಡಿಕೆಗೆ) ಕ್ವಿಂಟಾಲಿಗೆ ಎರಡು ಮೂರು ಸಾವಿರ ಹೆಚ್ಚೇ ಸಿಕ್ಕಿತು.

ಒಂದು ಪ್ರಯೋಗವನ್ನೂ ಮಾಡಿ ನೋಡಿದೆ. ಶರಾವತಿಯ ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ (ಹೆಚ್ಚುವರಿ ಕರೆಂಟಿನಲ್ಲಿ ನೀರು ಮೇಲೇರಿಸಿ, ಬೇಕಾದಾಗ ಇಳಿಸಿ ಕರೆಂಟು ತೆಗೆಯುವುದು) ಮಾತು ಬಂದಾಗಿನಿಂದ ಮನಸ್ಸಿನಲ್ಲಿತ್ತು. ಬೇಸಿಗೆಯ ಹಗಲಿನಲ್ಲಿ 20 ಸಾವಿರ ಲೀಟರಿನ ಟ್ಯಾಂಕಿಗೆ ನೀರೇರಿಸಿ, ರಾತ್ರಿ ಅದೇ ನೀರನ್ನು ಟರ್ಬೈನಿಗೆ ಬಿಟ್ಟೆ. ಏರಿಸಲು ನಾಲ್ಕು ಯೂನಿಟ್, ವಾಪಸ್ ಬಂದದ್ದು ಒಂದೂ ಇಲ್ಲ. 30 ಮೀಟರ್ ಎತ್ತರದಲ್ಲಿರುವ ಟ್ಯಾಂಕಿಗೆ ಅಷ್ಟೇ ಶಕ್ತಿ. ಶರಾವತಿಯಲ್ಲಾದರೆ ನೂರಾರು ಮೀಟರ್ ಬೀಳು, ಕೆರೆಗಟ್ಟಲೆ ನೀರು. ಆ ಯೋಜನೆಗೆ ಕಾಡು ಕಡಿಯುವ ಪ್ರಶ್ನೆ ಬೇರೆಯೇ, ಅದು ನನಗೂ ಸಂಕಟದ್ದು. ನನ್ನ ಟ್ಯಾಂಕಿನ ನೀರು ಈಗ ಬೆಳಗಿನ ಜಾವ ನೇರ ಸ್ಪ್ರಿಂಕ್ಲರಿಗೆ ಹೋಗುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಎರಡೆಕರೆಗೆ ಸಾಕಾಗುತ್ತದೆ, ಸರದಿಯಲ್ಲಿ ಬಿಟ್ಟರೆ.

ಇದನ್ನು ಮಾಡುವವರು ಎಲ್ಲಕ್ಕಿಂತ ಮೊದಲು ಸಿಡಿಲಿನಿಂದ ಕಾಪಾಡಿಕೊಳ್ಳುವುದಕ್ಕೆ ದುಡ್ಡು ತೆಗೆದಿಡಿ. ಮೇ ತಿಂಗಳ ಒಂದು ಸಿಡಿಲಿಗೆ ಕಂಟ್ರೋಲರ್ ಬೋರ್ಡು ಹೋಗಿ 14 ಸಾವಿರ ಕೈಬಿಟ್ಟಿತು, ಹೊಸ ಬೋರ್ಡು ಬರಲು ತಿಂಗಳು ಹಿಡಿಯಿತು. ಈಗ ಸಿಡಿಲಿನ ಹೊಡೆತದ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಇದೆ, ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತೇನೆ. ಪಶ್ಚಿಮದಲ್ಲಿ ಗುಡುಗು ಕೇಳಿದರೆ ಪ್ಯಾನೆಲ್ಲಿನ ಮೇನ್ ಸ್ವಿಚ್ ಕೈಯಾರೆ ಇಳಿಸುತ್ತೇವೆ. ನಾನು ತೋಟದಲ್ಲಿದ್ದರೆ ಆ ಕೆಲಸ ಅಮ್ಮನದು.